ದನಿ ಸ್ವಲ್ಪ ದಪ್ಪ ಮಾಡವ್ವಾ

ದಾಂಡೇಲಿ
೨೭ ಏಪ್ರಿಲ್ ೧೯೬೩

ಚಿ. ನೀಲವ್ವಗೆ ನಿನ್ನ ಕಾಕಾ ಅಂದಾನೆಪ್ಪನ ಆಶೀರ್ವಾದ.

ಕಾಳಿ ನದಿಯ ಆಚೆ ದಂಡೆಯಲ್ಲಿ ಹುಲಿ ಆಕಳಿಸಿದರೆ, ಈಚೆ ದಂಡೆಯಲ್ಲಿ ಮಲಗಿದ ನನಗೆ ಅದರ ಬಾಯಲ್ಲಿ ಎಷ್ಟು ಹಲ್ಲು ಉಳಿದಿವೆ ಎಂಬುದು ಕೇಳಿಸುತ್ತದೆ. ಇಂಥ ಕಿವಿ ಇಡೀ ಕಾರವಾರ ಜಿಲ್ಲೆಯಲ್ಲಿ ಎರಡೇ ಇವೆ. ಎರಡೂ ನನ್ನವೇ.

ಅಂಥ ಕಿವಿಗೆ ಮೊನ್ನೆ ಗುರುವಾರ ಸಂಜೆ ಏಳೂ ಮುಕ್ಕಾಲಿಗೆ ಏನು ಬಿತ್ತು ಗೊತ್ತೇ? “ಈಗ ಪುಸ್ತಕ ವಿಮರ್ಶೆ. ಮಾತನಾಡುವವರು ಕುಮಾರಿ ನೀಲಾ ಸನವಳ್ಳಿ.” ಸನವಳ್ಳಿ! ಮುಂಡಗೋಡದ ಪೇಟೆಯವರಿಗೇ ದಾರಿ ಹೇಳಿಕೊಡಬೇಕಾದ ನಮ್ಮ ಊರು ಧಾರವಾಡದ ರೇಡಿವೋದಲ್ಲಿ! ನಿಮ್ಮಪ್ಪ ಇದ್ದಿದ್ದರೆ ಎರಡು ದಿನ ತಲೆಯ ಪಟಗಾ ಬಿಚ್ಚದೆ ಮಲಗುತ್ತಿದ್ದ. ಅವನ ಪಾಲಿನ ಸೊಕ್ಕನ್ನೂ ನಾನೇ ಮಾಡಿದ್ದೇನೆ.

ನನ್ನ ರೇಡಿವೋ ಎಂದರೆ ಸಾಮಾನ್ಯದ್ದಲ್ಲ. ದಾಂಡೇಲಿಯಲ್ಲಿ ಸಾಹೇಬರ ಬಂಗಲೆ ಬಿಟ್ಟರೆ ಇಷ್ಟು ದೊಡ್ಡದು ಇನ್ನೊಂದಿಲ್ಲ. ನಿನ್ನ ಮಾತು ಕೇಳಲು ನಲವತ್ತು ಮಂದಿ ಬಂದಿದ್ದರು. ಬಾಗಿಲಲ್ಲಿ ನಿಂತವರನ್ನು ಲೆಕ್ಕ ಹಿಡಿದಿಲ್ಲ. ಪಕ್ಕದ ಮನೆಯ ಮಾಲವ್ವ ಎಲ್ಲರಿಗಿಂತ ಮುಂದೆ. ಅವಳ ಗಂಡ ಪೇಪರ ಮಿಲ್ಲಿನ ಪಾಳಿಗೆ ಹೋದ ಮೇಲೆ ಅವಳಿಗೆ ನನ್ನ ಮನೆಯೇ ಕಟ್ಟೆ. ನೀನು ಮಾತು ಮುಗಿಸುವ ಹೊತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

“ಕಾಕಾ, ಆ ಲೇಖಕ ಅನ್ನಾಂವ ಎಂಥಾ ಮನಶ್ಯಾ ಇದ್ದಾನು! ಆ ಹುಡುಗೀನ ಮನಿ ಬಿಡಿಸಿ ಕರಕೊಂಡು ಬಂದು, ಮುಂದ ಏನ ಮಾಡಬೇಕು ಅಂತ ತಿಳೀದ ನಡು ದಾರ್ಯಾಗ ಕೈ ಬಿಟ್ಟಾನಂತ.”

ನನಗೂ ರಕ್ತ ಕುದಿಯಿತು. ಆ ಲೇಖಕ ಯಾವ ಊರಿನವನು? ವಿಳಾಸ ಕೊಡು. ಹುಡುಗಿಗೆ ಯಾರೂ ದಿಕ್ಕಿಲ್ಲದಿದ್ದರೆ ಇಲ್ಲಿಗೆ ಕಳಿಸು, ಮಾಲವ್ವನ ಜೋಡಿ ಇರಲಿ.

ಒಂದೇ ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ದನಿ ಸ್ವಲ್ಪ ದಪ್ಪ ಮಾಡವ್ವಾ. ಇಲ್ಲಿ ಸಾಗವಾನಿ ಕಾಡು ದಟ್ಟ. ತೆಳು ದನಿಯನ್ನು ಎಲೆಗಳೇ ಕುಡಿದುಬಿಡುತ್ತವೆ.

ನಿನ್ನ ಕಾಕಾ,
ಅಂದಾನೆಪ್ಪ


ಧಾರವಾಡ
೬ ಮೇ ೧೯೬೩

ಪ್ರೀತಿಯ ಕಾಕಾನಿಗೆ,

ನಿನ್ನ ಪತ್ರ ಓದಿ ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. “ಆ ಲೇಖಕ ಯಾವ ಊರಿನವನು?” ಎಂದೆಯಲ್ಲ, ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನನಗೆ ಹತ್ತು ನಿಮಿಷದಲ್ಲಿ ಮಾಡಲಾಗಲಿಲ್ಲ. ಕಾದಂಬರಿಯ ನಾಯಕಿಯನ್ನು ನಡುದಾರಿಯಲ್ಲಿ ಬಿಟ್ಟವನಿಗೆ ಊರು ಕೇಳಬೇಕಾದದ್ದೇ. ಮುಂದಿನ ಸಲ ಈ ಮಾತನ್ನು ಹಾಗೆಯೇ ಹೇಳುತ್ತೇನೆ, “ಒಬ್ಬ ಶ್ರೋತೃ ಕೇಳುತ್ತಾರೆ” ಎಂದು.

ಸ್ಟುಡಿಯೋ ಹೇಗಿರುತ್ತದೆ ಎಂದು ನಿನಗೆ ಹೇಳಬೇಕು. ಬಾಗಿಲು ಹಾಕಿದರೆ ಹೊರಗಿನ ಕಾಗೆಯ ದನಿಯೂ ಒಳಗೆ ಬಾರದು. ಕೆಂಪು ದೀಪ ಹತ್ತುತ್ತದೆ. ಗಾಜಿನ ಆಚೆ ಕುಳಿತವರು ಗಡಿಯಾರವನ್ನು ನೋಡುತ್ತಿರುತ್ತಾರೆ, ನನ್ನನ್ನಲ್ಲ. ಎದುರಿಗೆ ತೆಂಗಿನಕಾಯಿಯಷ್ಟು ದೊಡ್ಡ ಮೈಕು. ಅದಕ್ಕೆ ಕಣ್ಣೂ ಇಲ್ಲ, ಹೂಂಗುಡುವ ಬಾಯಿಯೂ ಇಲ್ಲ. ಮೊದಲ ಸಾಲನ್ನು ಯಾರಿಗೆ ಓದಬೇಕೋ ತಿಳಿಯಲಿಲ್ಲ. ಆಗ ನಿನ್ನನ್ನು ನೆನೆಸಿಕೊಂಡೆ. ಸನವಳ್ಳಿಯ ಕಟ್ಟೆಯ ಮೇಲೆ ಕುಳಿತು, ಬೆಲ್ಲ ಕಟ್ಟಿ ತಂದ ಪೇಪರಿನ ಚೂರನ್ನೆಲ್ಲ ನನ್ನಿಂದ ಓದಿಸುತ್ತಿದ್ದೆಯಲ್ಲ, ಒಂದು ಸಾಲು ಬಿಡದೆ. ಆ ಮುಖಕ್ಕೇ ಓದಿದೆ.

ಕೋಣೆಗೆ ಮರಳಿದಾಗ ಮನೆಯ ಒಡತಿ “ಇಷ್ಟೊತ್ತು ಎಲ್ಲಿಗೆ ಹೋಗಿದ್ದ್ರಿ?” ಎಂದರು. ಅವರ ಪಡಸಾಲೆಯಲ್ಲಿ ರೇಡಿಯೋ ಇದೆ.

ಇರಲಿ, ನನಗೇನು ಕೊರತೆ? ದಾಂಡೇಲಿಯಲ್ಲಿ ನಲವತ್ತು ಮಂದಿ ಇದ್ದಾರೆ!

ದನಿ ದಪ್ಪ ಮಾಡು ಎಂದದ್ದು ನಾಟಿತು. ನನ್ನ ಬರವಣಿಗೆಯಲ್ಲಿ ತೂಕವಿಲ್ಲ ಎಂಬುದು ನನಗೂ ಗೊತ್ತಿತ್ತು. ನೀನೊಬ್ಬನೇ ಬಾಯಿಬಿಟ್ಟು ಹೇಳಿದೆ. ತಿದ್ದಿಕೊಳ್ಳುತ್ತೇನೆ.

ಮತ್ತೆ, ರೇಡಿವೋ ಅಲ್ಲ ಕಾಕಾ, ರೇಡಿಯೋ.

ನಿನ್ನ ನೀಲಾ


ದಾಂಡೇಲಿ
೨೯ ಸೆಪ್ಟೆಂಬರ್ ೧೯೬೩

ಚಿ. ನೀಲವ್ವಗೆ ಆಶೀರ್ವಾದ.

ರೇಡಿವೋ ಎಂಬುದೇ ಸರಿ. ಸನವಳ್ಳಿಯ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಮೊದಲ ನಂಬರು ಬಂದವನು ನಾನು. ಆ ವರ್ಷ ಆ ಇಯತ್ತೆಯಲ್ಲಿ ಇಬ್ಬರೇ ಇದ್ದೆವು ಎಂಬುದು ಬೇರೆ ಮಾತು.

ಗುರುವಾರದ ನಿನ್ನ ಮಾತು ಸಂಗೀತದ ಪುಸ್ತಕದ ಮೇಲೆ. ಸಂಗೀತ ನನಗೆ ಹೇಳಿಕೊಡಬೇಕೇ? ಹಳಿಯಾಳದ ಸಂತೆಯಲ್ಲಿ ನಾನು ಒಂದು ತಾನ ತೆಗೆದಾಗ ಎಮ್ಮೆ ಹಾಲು ಇಳಿಸಿದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. ಮಾತಿನ ಮುಂಚೆ ಬಾರಿಸಿದ ತಬಲಾ ಬಹಳ ಚಂದ ಇತ್ತು. ಮಾತು ಮುಗಿದ ಮೇಲೆ ಬಂದ ಗಂಡಸಿನ ದನಿಯೂ ಚಂದ ಇತ್ತು.

ನಡುವಿನದು ಮಾಲವ್ವನಿಗೆ ಹತ್ತಲಿಲ್ಲ. “ಏನ್ ಕಾಕಾ, ನಿಮ್ಮ ನೀಲವ್ವ ಇವತ್ತ ಮಠದಾಗ ಸ್ವಾಮಿಗಳು ಆಶೀರ್ವಚನ ಕೊಟ್ಟಂಗ ಮಾತಾಡಿದಳಲ್ಲ. ಒಂದು ಅಕ್ಷರ ತಿಳೀಲಿಲ್ಲ, ಆದ್ರೂ ಕೈ ಮುಗಿದು ಕುಂತಿದ್ದೆ” ಎಂದಳು. ಅವಳ ಮಾತು ಬಿಡು. ಉಳಿದ ಮೂವತ್ತೊಂಬತ್ತು ಮಂದಿ ತಲೆದೂಗಿದರು.

ಆದರೆ ಇನ್ನೂ ದಪ್ಪ ಬೇಕು ನೀಲವ್ವಾ. ಸುದ್ದಿ ಓದುವ ಗಂಡಸರು ಇದ್ದಾರಲ್ಲ, ಕೊಡದೊಳಗಿಂದ ಬಂದ ಹಾಗೆ ಮಾತಾಡುತ್ತಾರೆ, ಹಾಗೆ.

ನಿನ್ನ ಕಾಕಾ


ಧಾರವಾಡ
೨೦ ಅಕ್ಟೋಬರ್ ೧೯೬೩

ಪ್ರೀತಿಯ ಕಾಕಾನಿಗೆ,

ಇನ್ನೂ ದಪ್ಪ ಎಂದರೆ ಹೇಗೆ? ಈಗಲೇ ನನ್ನ ಭಾಷಣದಲ್ಲಿ ‘ಔಚಿತ್ಯ’, ‘ಅಭಿವ್ಯಂಜನೆ’ ಎಂಬವು ನಾಲ್ಕು ನಾಲ್ಕು ಸಲ ಬರುತ್ತವೆ. ರೇಡಿಯೋ ಕೇಂದ್ರದ ಅಧಿಕಾರಿಗಳು ಹೋದ ವಾರ ಹಸ್ತಪ್ರತಿ ತಿರುವಿ ನೋಡಿ, “ನೀಲಾಬಾಯಿ, ನೀವು ಮೊದಲ ಹಗರ ಇದ್ದ್ರಿ. ಈಗ ಯಾಕೋ ಹೊರಿ ಹೊತ್ತಂಗ ಮಾತಾಡ್ತೀರಿ” ಎಂದರು. ಯಾರ ಮಾತು ಕೇಳಲಿ? ನಾನು ನಿನ್ನ ಮಾತೇ ಕೇಳುತ್ತೇನೆ. ಅವರು ನನ್ನನ್ನು ಆರು ತಿಂಗಳಿಂದ ಬಲ್ಲರು. ನೀನು ಇಪ್ಪತ್ತೊಂಬತ್ತು ವರ್ಷದಿಂದ ಬಲ್ಲೆ.

ದೀಪಾವಳಿಯ ರಜೆಗೆ ದಾಂಡೇಲಿಗೆ ಬರುತ್ತೇನೆ. ಗೆಳತಿಯರೆಲ್ಲ ಅವರವರ ಊರಿಗೆ ಹೋಗುತ್ತಾರೆ. ನಿನ್ನ ಆ ದೊಡ್ಡ ರೇಡಿಯೋ ನೋಡಬೇಕು, ಮಾಲವ್ವನನ್ನು ನೋಡಬೇಕು. ಎಲ್ಲಕ್ಕಿಂತ ಹೆಚ್ಚು ನಿನ್ನ ಜೊತೆ ಕುಳಿತು ಮಾತಾಡಬೇಕು. ಮೈಕಿನ ಜೊತೆ ಮಾತಾಡಿ ಮಾತಾಡಿ ಮನುಷ್ಯರು ನಡುವೆ ಬಾಯಿ ಹಾಕುತ್ತಾರೆ ಎಂಬುದೇ ಮರೆತುಹೋಗಿದೆ.

ನೀಲಾ


ದಾಂಡೇಲಿ
೩೦ ಅಕ್ಟೋಬರ್ ೧೯೬೩

ಚಿ. ನೀಲವ್ವಗೆ ಆಶೀರ್ವಾದ.

ದೀಪಾವಳಿಗೆ ಬರಬೇಡ. ಹಳಿಯಾಳದ ರಸ್ತೆಗೆ ಆನೆ ಇಳಿದಿವೆ. ಮನೆಗೆ ಸುಣ್ಣ ಬಳಿಯುವುದಿದೆ. ನಾನೂ ಊರಲ್ಲಿ ಇರುವುದಿಲ್ಲ. ರಾಮನಗರದ ದೊಡ್ಡ ದೊಡ್ಡ ವ್ಯಾಪಾರಿಗಳು ಕಟಗಿ ಪರೀಕ್ಷೆಗೆ ನನ್ನನ್ನೇ ಕರೆಸಿದ್ದಾರೆ. ನಾನು ದಿಮ್ಮಿಗೆ ಬೆರಳಿನಿಂದ ಹೊಡೆದು, ಕಿವಿ ಇಟ್ಟು, ಒಳಗೆ ಹುಳ ಎಷ್ಟಿವೆ ಎಂದು ಹೇಳುತ್ತೇನೆ.

ಉಗಾದಿಗೆ ನೋಡೋಣ.

ಕಾಕಾ


ಧಾರವಾಡ
೨ ಮಾರ್ಚ್ ೧೯೬೪

ತೀ. ಕಾಕಾನಿಗೆ,

ನಾಲ್ಕು ತಿಂಗಳು ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಒಂದೇ ಪತ್ರದಲ್ಲಿ ಆನೆ, ಸುಣ್ಣ, ರಾಮನಗರ ಮೂರೂ ಇದ್ದವು. ಒಂದೇ ಇದ್ದಿದ್ದರೆ ನಂಬುತ್ತಿದ್ದೆ. ನಾನು ಬರುವುದು ಬೇಡವಾಗಿದ್ದರೆ ಬೇಡ. ದೀಪಾವಳಿಯ ಆ ನಾಲ್ಕು ದಿನ ನಾನು ಇಲ್ಲಿಯೇ ಇದ್ದೆ. ರಜೆಗೆ ಹೋಗುವ ಗೆಳತಿಯರೂ ನನಗೆ ಅಷ್ಟೇನೂ ಇಲ್ಲ. ಅದನ್ನು ಸುಮ್ಮನೆ ಬರೆದಿದ್ದೆ.

ಫೆಬ್ರವರಿಯಲ್ಲಿ ಒಂದು ಸಿನಿಮಾದ ಬಗ್ಗೆ ಮಾತಾಡಿದೆ. ನೀನು ಅದಕ್ಕೂ ಬರೆಯಲಿಲ್ಲ. ಯಾರೂ ಬರೆಯಲಿಲ್ಲ. ನಾಟಕದವರಿಗೆ, ಹಾಡಿನವರಿಗೆ ಕಟ್ಟುಗಟ್ಟಲೆ ಪತ್ರ ಬರುತ್ತವೆ. ನನ್ನ ಹೆಸರಿಗೆ ಹನ್ನೊಂದು ತಿಂಗಳಲ್ಲಿ ಒಂದು ಕಾರ್ಡೂ ಹೊರಗಿನಿಂದ ಬಂದಿಲ್ಲ. ಅಧಿಕಾರಿಗಳು ಒಳ್ಳೆಯವರೇ. “ಜೂನ್‌ದಾಗ ಮಾತಾಡಾವರ ಹೊಸಾ ಯಾದಿ ಮಾಡ್ತೇವ್ರೀ. ಕೇಳಾವರು ಅದಾರ ಅಂತ ನನಗೂ ಏನರ ಕಾಗದ ತೋರಸಾಕ ಬೇಕಲ್ಲ” ಎಂದರು.

ಹೋದರೆ ಹೋಗಲಿ ಎನ್ನಬಹುದು. ಆದರೆ ತಿಂಗಳ ನಾಲ್ಕನೆಯ ಗುರುವಾರ ಆ ಹತ್ತು ನಿಮಿಷ ನಾನು ಯಾರಿಗೋ ಬೇಕಾಗಿದ್ದೇನೆ ಎಂದು ನಂಬಿಕೊಂಡು ಉಳಿದ ದಿನಗಳನ್ನು ಕಳೆಯುತ್ತೇನೆ. ಅದನ್ನು ನಿನಗೊಬ್ಬನಿಗೇ ಹೇಳಬಲ್ಲೆ.

ನೀಲಾ


ದಾಂಡೇಲಿ
೯ ಮಾರ್ಚ್ ೧೯೬೪

ಚಿ. ನೀಲವ್ವಗೆ.

ಕಾಗದ ಬೇಕೇ? ದೇಶಕ್ಕೆಲ್ಲ ಕಾಗದ ಮಾಡುವ ಊರಲ್ಲಿ ನಿನ್ನ ಕಾಕಾ ಕುಳಿತಿದ್ದಾನೆ. ಸುಮ್ಮನಿರು.

ಈ ಕಾಡಿನಲ್ಲಿ ನಿನ್ನ ಮಾತು ಕೇಳುವವರು ಎಷ್ಟು ಮಂದಿ ಎಂದು ನಿನಗೆ ತಿಳಿಯದು. ನಾಚಿಕೆಯ ಮಂದಿ, ಬರೆಯುವುದಿಲ್ಲ. ನಾನು ಒಂದು ಮಾತು ಹೇಳಿದರೆ ಬರೆಯುತ್ತಾರೆ.

ಏಪ್ರಿಲ್‌ದಲ್ಲಿ ತಿಳಿಯುವ ಹಾಗೆ ಮಾತಾಡು, ಮಾಲವ್ವ ಹೇಳಲು ಹೇಳಿದ್ದಾಳೆ.

ಕಾಕಾ


ಧಾರವಾಡ
೫ ಮೇ ೧೯೬೪

ಪ್ರೀತಿಯ ಕಾಕಾ,

ಮೂರು ಪತ್ರ ಬಂದವು! ಸೂಪಾದಿಂದ ಒಂದು, ರಾಮನಗರದಿಂದ ಶಿವಲಿಂಗಪ್ಪ ಎಂಬ ವ್ಯಾಪಾರಿಯದು ಒಂದು, ಜೋಯಿಡಾದಿಂದ ಒಂದು. ಶ್ರೋತೃಗಳ ಪತ್ರ ಓದುವ ಕಾರ್ಯಕ್ರಮದಲ್ಲಿ ಮೂರನ್ನೂ ಓದಿದರು. ನನ್ನ ಕೈಗೆ ಕೊಡಲಿಲ್ಲ, ಕಿವಿಯಿಂದಲೇ ಕೇಳಿದೆ. ಒಡತಿಯ ಪಡಸಾಲೆಯಲ್ಲಿ, ನೆಲದ ಮೇಲೆ ಕುಳಿತು. ಅವರು ಈಗ ನನಗೆ ಚಹಾ ಕೊಡುತ್ತಾರೆ.

ಜೋಯಿಡಾದ ಶಂಕ್ರವ್ವ ಎಂಬ ಹೆಣ್ಣುಮಗಳು ಏನು ಬರೆದಿದ್ದಾಳೆ ನೋಡು: “ಆ ನೀಲಾಬಾಯಿ ಬೀಸುವ ಕಲ್ಲಿನ ಪದಗಳ ಪುಸ್ತಕದ ಮಾತು ಹೇಳುತ್ತಿದ್ದರೆ, ಯಾರೋ ನಮ್ಮವರು ಮನೆಗೆ ಬಂದು, ಕುಳಿತು, ನೀರು ಕುಡಿದು ಹೋದ ಹಾಗೆ ಆಯಿತು.”

ಕಾಕಾ, ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಇಂಥ ಮಾತು ಯಾರೂ ಆಡಿಲ್ಲ. ನೀನು ಹೇಳಿದಂತೆ ಆ ಸಲ ಭಾರದ ಮಾತೆಲ್ಲ ಬಿಟ್ಟು ಮಾತಾಡಿದ್ದೆ. ಜೋಯಿಡಾಕ್ಕೆ ಹೋಗಿ ಶಂಕ್ರವ್ವನನ್ನು ನೋಡಬೇಕು. ಮೇ ರಜೆ ಇದೆ. ನಿನಗೆ ತೊಂದರೆ ಕೊಡುವುದಿಲ್ಲ, ದಾಂಡೇಲಿಯಲ್ಲಿ ಬಸ್ಸು ಬದಲಿಸಿ ಮುಂದೆ ಹೋಗುತ್ತೇನೆ. ಆಕೆಯ ಮನೆ ಎಲ್ಲಿ ಎಂದು ವಿಚಾರಿಸಿ ಬರೆ.

ನೀಲಾ


ದಾಂಡೇಲಿ
೧೧ ಮೇ ೧೯೬೪

ಚಿ. ನೀಲವ್ವಗೆ ಆಶೀರ್ವಾದ.

ಅವಸರ ಮಾಡಬೇಡ. ಶಂಕ್ರವ್ವ ಜೋಯಿಡಾದಲ್ಲಿ ಇಲ್ಲ. ಬಿದಿರು ಹೇರುವ ಲಾರಿಯ ಲಗಮಪ್ಪ ಆ ದಾರಿಯಲ್ಲಿ ದಿನವೂ ಓಡಾಡುತ್ತಾನೆ. ಅವನು ವಿಚಾರಿಸಿ ಬಂದ. ಆಕೆ ಮಗಳ ಬಾಣಂತನಕ್ಕೆ ಗೋವೆಗೆ ಹೋಗಿದ್ದಾಳಂತೆ. ಮಳೆಗಾಲದ ತನಕ ಬರುವುದಿಲ್ಲ. ಮಳೆಗಾಲದಲ್ಲಿ ರಸ್ತೆಯೇ ಇರುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆಕೆ ತೀರಿಕೊಂಡರೂ ತೀರಿಕೊಳ್ಳಬಹುದು, ವಯಸ್ಸಾಗಿದೆ.

ನೀನು ೨೮ರ ಭಾಷಣದ ಕಡೆ ಲಕ್ಷ್ಯ ಕೊಡು. ಈ ಸಲ ಮೂರಲ್ಲ, ಐದು ಪತ್ರ ಬಾರದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ.

ಕಾಕಾ


ಧಾರವಾಡ
೩ ಜೂನ್ ೧೯೬೪

ತೀರ್ಥಸ್ವರೂಪ ಅಂದಾನೆಪ್ಪ ಕಾಕಾ ಅವರಿಗೆ,

ನಿಮ್ಮ ಮೀಸೆ ಉಳಿಯಿತು. ಐದು ಪತ್ರ ಬಂದಿವೆ.

ನಿನ್ನೆ ಅಧಿಕಾರಿಗಳು ನನ್ನನ್ನು ಕರೆಸಿ ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು.

“ನೀಲಾಬಾಯಿ, ಇಪ್ಪತ್ತೆಂಟಕ್ಕ ನೀವು ಮಾತಾಡಿದ್ರೇನು?”

“ಇಲ್ರೀ. ಹಿಂದಿನ ದಿನಾನ ಪಂಡಿತಜಿ ತೀರಿಕೊಂಡ್ರಲ್ರೀ. ನಮ್ಮ ಕಾರ್ಯಕ್ರಮ ರದ್ದಾತು.”

“ಮತ್ತ ಇವರು ಐದೂ ಮಂದಿ ಯಾರ ಭಾಷಣ ಕೇಳ್ಯಾರು?”

ನಾನು ಓದಿದೆ. “ಗುರುವಾರ ಕುಮಾರಿ ನೀಲಾ ಸನವಳ್ಳಿ ಅವರ ಮಾತು ಕೇಳಿ ಊರಿಗೆ ಊರೇ ಕಣ್ಣೀರು ಸುರಿಸಿತು” ಎಂದು ಸೂಪಾದ ಮಹನೀಯರು ಬರೆದಿದ್ದಾರೆ. ಆ ದಿನ ಪ್ರಧಾನಿಗಾಗಿ ದೇಶಕ್ಕೆ ದೇಶವೇ ಕಣ್ಣೀರು ಸುರಿಸುತ್ತಿತ್ತು, ನನ್ನ ಮಾತಿಗಲ್ಲ. ಐದೂ ಊರಿನ ಐದೂ ಮಂದಿ ನೀವು ಬರೆಯುವಂಥ ನೇರಳೆ ಪೆನ್ಸಿಲ್ಲಿನಲ್ಲೇ ಬರೆದಿದ್ದಾರೆ. ಐವರೂ ‘ರೇಡಿವೋ’ ಎಂದೇ ಬರೆದಿದ್ದಾರೆ.

ನೀವೇ ಬರೆಸಿದಿರಾ ಎಂದು ಅವರು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಅಲ್ಲ ಎನ್ನಬಹುದಿತ್ತು. “ಜೂನ್ ಇಪ್ಪತ್ತೈದರದು ಮಾಡ್ರಿ. ಮುಂದಿಂದು ಮುಂದ ನೋಡೂಣು” ಎಂದಷ್ಟೇ ಹೇಳಿ ಪತ್ರಗಳನ್ನು ನನಗೇ ಕೊಟ್ಟುಬಿಟ್ಟರು.

ಶಂಕ್ರವ್ವ ಗೋವೆಗೆ ಹೋಗಿಲ್ಲ. ಶಂಕ್ರವ್ವ ಎಂಬುವಳೇ ಇಲ್ಲ. ನಾನು ಆಕೆಗೆ ಒಂದು ಸೀರೆ ತೆಗೆದಿಟ್ಟಿದ್ದೆ.

ಒಂದೇ ಪ್ರಶ್ನೆ. ನೀವು ನನ್ನ ಒಂದು ಭಾಷಣವನ್ನಾದರೂ ಕೇಳಿದ್ದೀರಾ? ನಿಜವಾಗಿ ಕೇಳುವವರು ಮಾತಾಡುವ ಮೊದಲೇ ಹೊಗಳಿಕೆ ಬರೆದು ಇಡುವುದಿಲ್ಲ. ಸ್ಟುಡಿಯೋದಲ್ಲಿ ನಾನು ಯಾವ ಮುಖವನ್ನು ನೆನೆಸಿಕೊಂಡು ಓದುತ್ತಿದ್ದೆನೋ ಆ ಮುಖ ಆ ಹೊತ್ತಿಗೆ ಎಲ್ಲಿರುತ್ತಿತ್ತು?

ನೀಲಾ ಸನವಳ್ಳಿ


ಧಾರವಾಡ
೧೯ ಜೂನ್ ೧೯೬೪
(ಕಾರ್ಡು)

ತೀ. ಕಾಕಾ ಅವರಿಗೆ,

ಉತ್ತರ ಬಂದಿಲ್ಲ. ೨೫ ಗುರುವಾರ, ಏಳೂ ಮುಕ್ಕಾಲಿಗೆ. ಬಹುಶಃ ಕೊನೆಯದು. ಕೇಳಲೇಬೇಕೆಂದಿಲ್ಲ.

ನೀಲಾ


ದಾಂಡೇಲಿ
೨೭ ಜೂನ್ ೧೯೬೪

ಚಿ. ನೀಲವ್ವಗೆ.

ನಾಲ್ಕು ಸಲ ಬರೆಯಲು ಕುಳಿತೆ. ನಾಲ್ಕೂ ಸಲ ಮೊದಲ ಸಾಲಿಗೆ ಆ ಹುಲಿ ಬಂದು ಕುಳಿತಿತು. ಓಡಿಸಿ ಬರೆಯುತ್ತಿದ್ದೇನೆ.

ಮೊದಲು ಐದು ಪತ್ರದ ಮಾತು. ದಾಂಡೇಲಿಯ ಮುದ್ರೆ ಬಿದ್ದರೆ ಗುರುತು ಸಿಗುತ್ತದೆ ಎಂದು ಬುಧವಾರ ನಸುಕಿನಲ್ಲಿ ಲಗಮಪ್ಪನ ಕೈಗೆ ಕೊಟ್ಟಿದ್ದೆ. ಶುಕ್ರವಾರ ತಿರುಗಿ ಬರುವಾಗ ಊರೂರಲ್ಲಿ ಹಾಕು ಎಂದು ನಾಲ್ಕು ಸಲ ಹೇಳಿದ್ದೆ. ಬುಧವಾರ ಮಧ್ಯಾಹ್ನ ಸುದ್ದಿ ಬಂತು. ಚಹಾದ ಅಂಗಡಿಯಲ್ಲಿ ಎಲ್ಲರೂ ಅತ್ತರು, ನಾನೂ ಅತ್ತೆ. ಅಳುವುದು ಮುಗಿದ ಮೇಲೆ ಪತ್ರಗಳ ನೆನಪಾಗಿ ಇನ್ನೊಮ್ಮೆ ಅತ್ತೆ. ಸಿಕ್ಕ ಲಾರಿ ಹತ್ತಿ ಜೋಯಿಡಾದ ತನಕ ಹೋದೆ. ಎದುರಿಗೆ ಲಗಮಪ್ಪ ಬಂದ.

“ಕಾಕಾ, ಕಾಳಜಿ ಬಿಡು. ಊರೆಲ್ಲಾ ಬಂದ್ ಆಗಾಕತ್ತಿದ್ದು ನೋಡಿ, ಪೋಸ್ಟೂ ಬಂದ್ ಆದೀತು ಅಂತ, ಗಡಬಡಿಸಿ ಐದೂ ಇವತ್ತ ಹಾಕಿ ಬಂದೆ!”

ಬೆನ್ನು ತಟ್ಟು ಎಂದು ಬೆನ್ನು ತಿರುಗಿಸಿ ನಿಂತ. ತಟ್ಟಿದೆ. ಏನು ಮಾಡಲಿ?

ಇನ್ನು ನಿನ್ನ ಪ್ರಶ್ನೆ.

ಸಾ ಮಿಲ್ಲಿನ ಗರಗಸದ ಬಾಜೂಕ್ಕೆ ಹದಿನೆಂಟು ವರ್ಷ ನಿಂತೆ. ಮೊದಲು ಹಕ್ಕಿಯ ದನಿ ಹೋಯಿತು. ಕಾಡಿನಲ್ಲಿ ಹಕ್ಕಿ ಕಡಿಮೆಯಾಗಿವೆ ಎಂದುಕೊಂಡೆ. ಆಮೇಲೆ ಬಳೆಯ ದನಿ, ಮಕ್ಕಳ ದನಿ, ಹೆಣ್ಣುಮಕ್ಕಳ ದನಿ. ತೆಳುವಾದದ್ದೆಲ್ಲ ಹೋಯಿತು, ದಪ್ಪವಾದದ್ದು ಉಳಿಯಿತು. ಮೂರು ವರ್ಷದ ಹಿಂದೆ ಜೊತೆಯವನು ಕೂಗಿದ್ದು ಕೇಳದೆ ದಿಮ್ಮಿ ನನ್ನ ಕಾಲಿನ ಪಕ್ಕ ಬಿತ್ತು. ಮರುದಿನ ಕೆಲಸ ಬಿಟ್ಟೆ. ನಿನಗೆ ‘ವಿಶ್ರಾಂತಿ ತೆಗೆದುಕೊಂಡೆ’ ಎಂದು ಬರೆದಿದ್ದೆ.

ರೇಡಿವೋ ತಂದದ್ದು ನಿನ್ನ ಮೊದಲ ಭಾಷಣಕ್ಕೇ. ತಂದ ದಿನ ತಿರುವಿದೆ. ಗಂಡಸಿನ ದನಿ ಗುಡುಗಿನಂತೆ ಕೇಳಿಸಿತು. ಗೆದ್ದೆ ಎಂದು ಕುಣಿದೆ. ಆ ಗುರುವಾರ ಆ ಗಂಡಸು ನಿನ್ನ ಹೆಸರು ಹೇಳಿದ, ಸನವಳ್ಳಿ ಎಂದ. ಅಷ್ಟೇ. ಪೆಟ್ಟಿಗೆ ನಿಂತುಹೋಯಿತು. ತಿರುವಿದೆ, ಅಲುಗಾಡಿಸಿದೆ, ಬಡಿದೆ. ಮಾಲವ್ವ ನನ್ನ ಕೈ ಹಿಡಿದಳು. ಅವಳ ದನಿ ಗಂಡಸರ ದನಿಯಂತೆ ದಪ್ಪ, ಕಿವಿಯ ಹತ್ತಿರ ಬಂದು ಕೂಗಿದರೆ ನನಗೆ ತಿಳಿಯುತ್ತದೆ.

“ಕಾಕಾ, ಯಾಕ ಬಡೀತಿ? ಆಕೀ ಮಾತಾಡಾಕತ್ತಾಳ.”

ಆಗ ಸುಮ್ಮನೆ ಕುಳಿತೆ. ಹತ್ತು ಮಿನಿಟು ಆದ ಮೇಲೆ ಆ ಗಂಡಸು ಮತ್ತೆ ಬಂದು, “ನೀವು ಇದುವರೆಗೆ ಕೇಳಿದ್ದು ಕುಮಾರಿ ನೀಲಾ ಸನವಳ್ಳಿ ಅವರಿಂದ” ಎಂದ. ಕೇಳಿದ್ದು, ಎಂದ.

ದನಿ ದಪ್ಪ ಮಾಡು ಎಂದು ನಾನು ಹೇಳಿದ್ದು ತೂಕದ ಮಾತಲ್ಲವ್ವಾ. ದನಿಯೇ. ತಪ್ಪು ನಿನ್ನ ಗಂಟಲಲ್ಲಿ ಇರಲಿ, ನನ್ನ ಕಿವಿಯಲ್ಲಿ ಇಲ್ಲದೆ ಇರಲಿ ಎಂದು ಆಸೆ ಮಾಡಿದೆ. ಅದಕ್ಕೆ ನೀನು ಹೊರೆ ಹೊತ್ತೆ. ದೀಪಾವಳಿಗೆ ಬೇಡ ಎಂದದ್ದೂ ಇದಕ್ಕೇ. ನೀನು ಬಾಗಿಲಲ್ಲಿ ನಿಂತು ಕಾಕಾ ಎಂದರೆ ನಾನು ತಿರುಗಿ ನೋಡದೆ ಇರುತ್ತಿದ್ದೆ.

ಇನ್ನು ಬರೆಯುವ ಭಾಷೆ ಸಾಕು, ಬಾಯಿಗೆ ಬಂದಂತೆ ಬರೆಯುತ್ತೇನೆ.

ನಲವತ್ತು ಮಂದಿ ಇರಲಿಲ್ಲ ನೀಲವ್ವಾ. ಮಾಲವ್ವ ಒಬ್ಬಾಕಿ. ಆದ್ರ ಆಕೀ ಹದಿನಾಲ್ಕೂ ಕೇಳ್ಯಾಳ. ಒಂದು ಸಲ ಜ್ವರದಾಗ ಚಾದರ ಹೊತಗೊಂಡು ಬಂದು ಕೇಳ್ಯಾಳ. ಲೇಖಕಂದು ಯಾವೂರು ಅಂತ ಕೇಳಿದ್ದು ನಾನ, ಸಿಟ್ಟು ಮಾತ್ರ ಆಕೀದು. ಯಾರೋ ನಮ್ಮವರು ಬಂದು ನೀರು ಕುಡದು ಹ್ವಾದಂಗಾತು ಅಂತ ಅಂದಾಕೀನೂ ಆಕೀನ. ನಾ ಹೆಸರಷ್ಟ ಸುಳ್ಳ ಬರದೆ. ಆ ಸೀರಿ ಇಟ್ಟಿರು. ಉಡಾಕಿ ಅದಾಳ.

ಮೊನ್ನಿ ಇಪ್ಪತ್ತೈದಕ್ಕ ಕುಂತೆ. ಆ ಗಂಡಸು ನಿನ್ನ ಹೆಸರ ಹೇಳಿದ. ನಾ ಮಾಲವ್ವನ ಮಾರಿ ನೋಡಕೋತ ಕುಂತೆ. ತಡೀಲಾರದ ಕೇಳಿದೆ, “ಹೆಂಗ ಮಾತಾಡ್ತಾಳ? ಸಿಟ್ಟಿಲೆ ಅದಾಳೇನು?” ಅಂತ.

“ಸಿಟ್ಟಿಲ್ಲ ಕಾಕಾ” ಅಂದಳು. “ಮೆಲ್ಲಕ ಮಾತಾಡ್ತಾಳ. ಕೇಳಾವರು ಯಾರೂ ಇಲ್ಲ ಅಂತ ಗೊತ್ತಾದಾಕಿ ಹಂಗ.”

ಅದಕ್ಕ ಈ ಪತ್ರದ ಜೋಡಿ ಇನ್ನೊಂದು ಹಾಳಿ ಇಟ್ಟೇನಿ. ಅಕ್ಷರ ನಂದು, ಮಾತು ಮಾಲವ್ವಂದು, ಕೆಳಗಿನ ಹೆಬ್ಬಟ್ಟೂ ಆಕೀದ. ಬೀಸೂ ಪದದ ಪುಸ್ತಕದಾಗ ಸೊಸಿ ಬೀಸಕೋತ ಅಳತಾಳ ಅಂತ ನೀ ಹೇಳಿದ್ದಿ ಅಂತ. ತಪ್ಪಂತ. “ಆ ಪದಾ ನಮ್ಮವ್ವ ಹಾಡತಿದ್ಲು. ಅಲ್ಲಿ ಸೊಸಿ ಅಳಂಗಿಲ್ಲ, ಅತ್ತೀ ಗೊರಕೀ ಕೇಳಿ ನಗತಾಳ. ಪುಸ್ತಕದಾವರು ಅರ್ಧಾ ಕೇಳಿ ಬರದಾರ, ನೀಲವ್ವಗ ಹೇಳು” ಅಂದಳು. ರೇಡಿಯೋ ಅಂತ ‘ಯ’ ಹಾಕಿ ಬರದೇನಿ, ನೋಡು. ಸಾಹೇಬರಿಗೆ ಕೊಡಬೇಕಂದ್ರ ಕೊಡು, ಹರಿದು ಒಗೀಬೇಕಂದ್ರ ಒಗಿ. ಆದ್ರ ಇದು ಖರೇ ಕಾಗದ.

ನೀ ಈ ಸಲ ನನಗ ‘ನೀವು’ ಅಂತ ಬರದಿದ್ದಿ. ಒಂದು ವರ್ಷದಾಗ ನನಗ ಸ್ಪಷ್ಟ ಕೇಳಿಸಿದ್ದು ಅದೊಂದ.

ನನ್ನ ಕಿವ್ಯಾಗ ಈಗ ಇರೂ ನಿನ್ನ ದನಿ ಒಂಬತ್ತು ವರ್ಷದ ಹುಡುಗೀದು, ಬೆಲ್ಲದ ಪೇಪರ್ ಓದಾಕೀದು. ರೇಡಿವೋದಾಗ ಮಾತಾಡಾಕಿ ಹೆಂಗ ಮಾತಾಡ್ತಾಳೋ ನನಗ ಗೊತ್ತಿಲ್ಲ. ಗೊತ್ತ ಮಾಡಿಕೊಳ್ಳೂದು ಇನ್ನ ಆಗೂದಿಲ್ಲ. ಆದ್ರ ಒಂದು ಸಲಾನೂ ಎದ್ದು ಹೋಗಿಲ್ಲವ್ವಾ. ಆ ಗಂಡಸು ಹೆಸರ ಹೇಳಿದಾಗಿಂದ ತಿರುಗಿ ಬರೂತನಾ, ಪೆಟಗಿ ಮುಂದ ಕುಂತೇ ಇದ್ದೆ. ನೀ ನೆನಸತಿದ್ದಿಯಲ್ಲ, ಆ ಮಾರಿ ಅಲ್ಲೇ ಇತ್ತು.

ಹದಿನಾಲ್ಕು ಭಾಷಣ. ಒಂದಕ್ಕ ಹತ್ತು ಮಿನಿಟು. ನಾ ಕಳಕೊಂಡಿದ್ದು ನೂರಾ ನಲವತ್ತು ಮಿನಿಟು, ನೀಲವ್ವಾ. ಈ ಲೆಕ್ಕದಾಗ ಒಂದು ಮಿನಿಟೂ ಹೆಚ್ಚ ಹೇಳಿಲ್ಲ.